ಬಾತು, ಹೇಂಟೆ, ಮರಿ ಎಲ್ಲ ಒಂದೇ ಗೂಡಲ್ಲಿ: ನಿಮ್ಮ ಪ್ರಶ್ನೆಗಳಿಗೆ ಉತ್ತರ

ಮಳೆ ಶುರುವಾದ ಮೇಲೆ ಬಂದ ಪತ್ರಗಳೇ ಈ ಸಲ ಜಾಸ್ತಿ. ಹೆಚ್ಚಿನವು ಗೋವಾದವು, ಕೆಲವು ಪುಣೆ ಮತ್ತು ವಸಯಿ ಕಡೆಯವು. ಬಹಳ ಜನ ಕೇಳಿರುವುದು ಒಂದೇ ಮಾತು, "ಯಾವ ಔಷಧಿ ಹಾಕಲಿ?" ಔಷಧಿ ಬೇಕಾದ ಕಡೆ ಹೆಸರು ಹೇಳಿದ್ದೇನೆ. ಆದರೆ ನಾವು ಹಿತ್ತಿಲಲ್ಲಿ ಸಾಕುವುದು ಹತ್ತಿಪ್ಪತ್ತು ಹಕ್ಕಿ. ಅದರಲ್ಲೂ ಜಾತಿ ಬೇರೆ ಬೇರೆ, ವಯಸ್ಸು ಬೇರೆ ಬೇರೆ. ಇಂಥ ಕಡೆ ಕಾಯಿಲೆಗಿಂತ ಮೊದಲು ಜಾಗದ ತೊಂದರೆ ಇರುತ್ತದೆ. ಯಾರ ನೀರನ್ನು ಯಾರು ಕುಡಿಯುತ್ತಿವೆ, ಯಾರ ಹಿಕ್ಕೆ ಮೇಲೆ ಯಾರು ಓಡಾಡುತ್ತಿವೆ ಅಂತ ಒಂದು ದಿನ ನಿಂತು ನೋಡಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಪ್ರಶ್ನೆ: ಎಂಟು ಹೇಂಟೆ, ಒಂದು ಹುಂಜ, ನಾಲ್ಕು ಬಾತು ಒಂದೇ ಗೂಡಲ್ಲಿವೆ. ತಿಂಗಳ ವಯಸ್ಸಿನ ಹನ್ನೆರಡು ಮರಿ ತಂದು ಅಲ್ಲೇ ಬಿಟ್ಟೆ. ಮಳೆ ಹಿಡಿದ ಮೇಲೆ ಮರಿಗಳು ರೆಕ್ಕೆ ಇಳಿಬಿಟ್ಟು ಮೂಲೆ ಸೇರುತ್ತವೆ. ಹಿಕ್ಕೆಯಲ್ಲಿ ರಕ್ತ. ಐದು ಹೋದವು. ದೊಡ್ಡವಕ್ಕೆ ಏನೂ ಆಗಿಲ್ಲ. ಯಾವ ಔಷಧಿ ಅಕ್ಕಾ?
— ವಾಳಪೈಯ ಓದುಗರು

ಉತ್ತರ: ಐದು ಮರಿ ಹೋದದ್ದು ಓದಿ ಸಂಕಟವಾಯಿತು ತಮ್ಮಾ. ಉಳಿದ ಏಳನ್ನು ಉಳಿಸಿಕೊಳ್ಳೋಣ.

ನೀವು ಬರೆದ ಲಕ್ಷಣ ರಕ್ತಭೇದಿಯದು. ಕಾಕ್ಸಿಡಿಯಾ ಎಂಬ ಕಣ್ಣಿಗೆ ಕಾಣದ ಜೀವಿ ಮರಿಯ ಕರುಳಿನ ಒಳಪದರವನ್ನು ಹರಿದುಹಾಕುತ್ತದೆ. ಮೂರು ವಾರದಿಂದ ಆರೇಳು ವಾರದ ಮರಿಗಳಿಗೆ ಇದರ ಕಾಟ ಹೆಚ್ಚು. ದೊಡ್ಡ ಕೋಳಿಗಳ ಹೊಟ್ಟೆಯಲ್ಲೂ ಇದು ಇರುತ್ತದೆ. ಅವಕ್ಕೆ ಚಿಕ್ಕಂದಿನಿಂದ ಸ್ವಲ್ಪ ಸ್ವಲ್ಪ ತಗುಲಿ ತಡೆದುಕೊಳ್ಳುವ ಶಕ್ತಿ ಬಂದಿರುತ್ತದೆ, ಅದಕ್ಕೇ ಗಟ್ಟಿಯಾಗಿ ಕಾಣುತ್ತವೆ. ಅವುಗಳ ಹಿಕ್ಕೆಯಲ್ಲಿ ಈ ಜೀವಿಯ ಕಣಗಳು ನೆಲಕ್ಕೆ ಬೀಳುತ್ತಲೇ ಇರುತ್ತವೆ. ಒಣ ನೆಲದಲ್ಲಿ ಅವು ಬಲಿಯುವುದಿಲ್ಲ. ತೇವ ಸಿಕ್ಕಿ ಬೆಚ್ಚಗಿದ್ದರೆ ಒಂದೆರಡು ದಿನದಲ್ಲೇ ರೋಗ ಹತ್ತಿಸುವ ಹಾಗೆ ತಯಾರಾಗುತ್ತವೆ.

ಆ ತೇವ ತಂದದ್ದು ಯಾರು? ನಿಮ್ಮ ಬಾತುಗಳು. ಬಾತಿನ ಕಾಕ್ಸಿಡಿಯಾ ಬೇರೆ, ಕೋಳಿಯದು ಬೇರೆ, ಹಾಗಾಗಿ ರೋಗ ಬಾತಿನಿಂದ ಬಂದದ್ದಲ್ಲ. ನೀರು ಮಾತ್ರ ಅವುಗಳದು. ಬಾತು ತಿನ್ನುವುದನ್ನು ಹತ್ತಿರ ಕೂತು ನೋಡಿ. ಒಂದು ಬಾಯಿ ತಿಂಡಿ ತೆಗೆದುಕೊಳ್ಳುತ್ತದೆ, ನೀರಿನ ಕಡೆ ಓಡುತ್ತದೆ, ಕೊಕ್ಕನ್ನು ಮೂಗಿನ ತೂತಿನ ತನಕ ಮುಳುಗಿಸುತ್ತದೆ, ಒಳಗೆ ಗುಳುಗುಳು ಮಾಡಿ ತಲೆ ಕೊಡವುತ್ತದೆ. ಮತ್ತೆ ತಿಂಡಿಗೆ ಓಡುತ್ತದೆ. ಅರ್ಧ ಗಂಟೆಯಲ್ಲಿ ಬೋಗುಣಿ ನೀರು ಗಂಜಿಯಾಗುತ್ತದೆ, ಸುತ್ತ ಒಂದು ಮೊಳ ಹೊಟ್ಟು ಒದ್ದೆಯಾಗುತ್ತದೆ. ಅದೇ ಬೋಗುಣಿಗೆ ಮರಿಗಳೂ ಬರುತ್ತವೆ. ಬಾತಿನ ತಪ್ಪಿಲ್ಲ. ಮೂಗು ತೊಳೆಯದೆ ಅದಕ್ಕೆ ಬದುಕಲು ಆಗುವುದಿಲ್ಲ.

ಇವತ್ತೇ ಮರಿಗಳನ್ನು ಬೇರೆ ಮಾಡಿ. ಜಗಲಿಯ ಮೂಲೆ ಆದರೂ ಸಾಕು. ಕೆಳಗೆ ಒಣ ಹೊಟ್ಟು ಹಾಕಿ, ರಾತ್ರಿ ಒಂದು ಬಲ್ಬು ಹಚ್ಚಿಡಿ. ಪಶು ಆಸ್ಪತ್ರೆಯಲ್ಲಿ ತೋರಿಸಿ ಆಂಪ್ರೋಲಿಯಂ ಪುಡಿ ತನ್ನಿ. ಅವರು ಹೇಳಿದ ಅಳತೆಯಲ್ಲಿ ನೀರಿಗೆ ಬೆರೆಸಿ, ಹೇಳಿದಷ್ಟು ದಿನ ಪೂರ್ತಿ ಕೊಡಿ. ಅದು ಬಿಟ್ಟು ಬೇರೆ ನೀರು ಇಡಬೇಡಿ. ಇನ್ನೊಂದು ಮಾತು ತುಂಬಾ ಮುಖ್ಯ. ಮರಿ ಸೊರಗಿದೆ ಅಂತ ಅದೇ ಹೊತ್ತಿಗೆ ಬಿ ಕಾಂಪ್ಲೆಕ್ಸ್ ಟಾನಿಕ್ ಹಾಕಬೇಡಿ. ಆಂಪ್ರೋಲಿಯಂ ಕೆಲಸ ಮಾಡುವುದೇ ಆ ಜೀವಿಗೆ ಬಿ1 ವಿಟಮಿನ್ ಸಿಗದ ಹಾಗೆ ಮಾಡಿ. ನಾವೇ ಬಿ1 ಕೊಟ್ಟರೆ ಔಷಧಿಯ ಬಲ ಹೋಗುತ್ತದೆ. ಕೋರ್ಸ್ ಮುಗಿದ ಮೇಲೆ ಟಾನಿಕ್ ಕೊಡಿ, ಆಗ ಅದು ಬೇಕೇ ಬೇಕು.

ಆಮೇಲೆ ಗೂಡಿಗೆ ಬನ್ನಿ. ಬಾತಿನ ನೀರು ಗೂಡಿನ ಹೊರಗೆ ಹೋಗಬೇಕು. ಒಡೆದ ಚಿರೇಕಲ್ಲಿನ ಚೂರು ನಿಮ್ಮೂರಲ್ಲಿ ಸುಲಭವಾಗಿ ಸಿಗುತ್ತದೆ, ಅಲ್ವಾ? ಒಂದು ಚೌಕ ಜಾಗದಲ್ಲಿ ಅದನ್ನು ಗೇಣುದ್ದ ತುಂಬಿ, ಮೇಲೆ ಬೋಗುಣಿ ಇಡಿ. ಚೆಲ್ಲಿದ ನೀರು ಇಂಗಿಹೋಗುತ್ತದೆ. ಕೋಳಿಯ ನೀರಿನ ಪಾತ್ರೆಯನ್ನು ಅವುಗಳ ಬೆನ್ನಿನ ಎತ್ತರಕ್ಕೆ ಇಟ್ಟಿಗೆ ಮೇಲೆ ಇಡಿ. ರಾತ್ರಿ ಬಾತಿಗೆ ತಿಂಡಿಯೂ ಬೇಡ ನೀರೂ ಬೇಡ. ಎರಡನ್ನೂ ಒಟ್ಟಿಗೆ ತೆಗೆದುಬಿಡಿ. ನೀರಿಲ್ಲದೆ ಬರೀ ತಿಂಡಿ ಇಟ್ಟರೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಹೊಟ್ಟು ಸರಿಯಿದೆಯೋ ಇಲ್ಲವೋ ತಿಳಿಯಲು ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡಿ, ಕೈ ಬಿಡಿ. ಉದುರಿದರೆ ಸರಿ. ಉಂಡೆಯಾಗಿ ನಿಂತರೆ ಆ ಜಾಗದ ಹೊಟ್ಟು ತೆಗೆದು ಗೊಬ್ಬರದ ಗುಂಡಿಗೆ ಹಾಕಿ, ಹೊಸದು ಹರಡಿ.

ಪ್ರಶ್ನೆ: ಮೊಟ್ಟೆ ಇಡುವ ಕೋಳಿ, ಎರಡು ತಿಂಗಳ ಪಿಳ್ಳೆ, ಹುಂಜ, ಬಾತುಮರಿ ಎಲ್ಲ ಇವೆ. ಎಲ್ಲಕ್ಕೂ ಲೇಯರ್ ಫೀಡ್ (ಮೊಟ್ಟೆ ಇಡುವ ಕೋಳಿಯ ತಿಂಡಿ) ಹಾಕುತ್ತೇನೆ. ಜೊತೆಗೆ ಮನೆಯ ಅನ್ನ, ಮೀನಿನ ತಲೆ. ಎರಡು ಬಾತುಮರಿಗಳ ಕಾಲು ಸೊಟ್ಟಗಾಗಿವೆ, ಕೂತಲ್ಲೇ ಕೂರುತ್ತವೆ. ಬೇರೆ ಬೇರೆ ಮೂಟೆ ತರುವಷ್ಟು ಶಕ್ತಿ ಇಲ್ಲ ಅಕ್ಕಾರೇ.
— ವಾಸ್ಕೋದ ಝುವಾರಿ ನಗರದಿಂದ

ಉತ್ತರ: ಬೇರೆ ಬೇರೆ ಮೂಟೆ ಬೇಡವೇ ಬೇಡ ತಂಗಿ. ಒಂದೇ ಸಾಕು. ಆದರೆ ಅದು ಲೇಯರ್ ಫೀಡ್ ಅಲ್ಲ, ಗ್ರೋವರ್, ಅಂದರೆ ಬೆಳೆಯುವ ಹಕ್ಕಿಯ ತಿಂಡಿ.

ಲೇಯರ್ ಫೀಡಿನಲ್ಲಿ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ನೂರಕ್ಕೆ 3.5ರಿಂದ 4 ಭಾಗ ಇರುತ್ತದೆ. ದಿನಾ ಮೊಟ್ಟೆ ಇಡುವ ಹೇಂಟೆ ಅದನ್ನು ಮೊಟ್ಟೆಯ ಚಿಪ್ಪಿಗೆ ಹಾಕಿ ಖರ್ಚು ಮಾಡುತ್ತದೆ. ಪಿಳ್ಳೆಗೆ ಬೇಕಾದದ್ದು ಸುಮಾರು 1 ಭಾಗ. ಉಳಿದದ್ದು ಅದರ ಮೂತ್ರಪಿಂಡಕ್ಕೆ ಹೊರೆ. ಬಹಳ ದಿನ ತಿಂದರೆ ಮೂತ್ರಪಿಂಡ ಕೆಡುತ್ತದೆ, ಸಾಯಲೂಬಹುದು. ಹುಂಜಕ್ಕೂ ಅಷ್ಟು ಬೇಡ. ಅದಕ್ಕೇ ಎಲ್ಲಕ್ಕೂ ಗ್ರೋವರ್ ಹಾಕಿ, ಚಿಪ್ಪಿನ ಪುಡಿಯನ್ನು ಬೇರೆ ಡಬ್ಬಿಯಲ್ಲಿ ಗೂಡಿನ ಗೋಡೆಗೆ ತೂಗಿಬಿಡಿ. ಮೊಟ್ಟೆ ಇಡುವ ಕೋಳಿಗೆ ಅದು ಬೇಕೆಂದು ತನಗೇ ಗೊತ್ತಾಗುತ್ತದೆ. ಸಂಜೆ ಹೊತ್ತು ಹೋಗಿ ಹೆಕ್ಕಿ ತಿನ್ನುತ್ತದೆ. ರಾತ್ರಿಯಿಡೀ ಅದರ ಹೊಟ್ಟೆಯಲ್ಲಿ ಚಿಪ್ಪು ಕಟ್ಟುವ ಕೆಲಸ ನಡೆಯುತ್ತದಲ್ಲ. ಪಿಳ್ಳೆಗಳು ಒಂದೆರಡು ಸಲ ಕುಕ್ಕಿ ಬಿಟ್ಟುಬಿಡುತ್ತವೆ.

ಗೋವಾದಲ್ಲಿದ್ದುಕೊಂಡು ಚಿಪ್ಪಿಗೆ ದುಡ್ಡು ಕೊಡಬೇಡಿ. ತಿಸ್ರ್ಯೊ (ಚಿಪ್ಪುಮೀನು) ತಿಂದ ಮನೆಗಳಲ್ಲಿ ಬುಟ್ಟಿಗಟ್ಟಲೆ ಎಸೆಯುತ್ತಾರೆ. ತಂದು ತೊಳೆದು, ಒಂದು ಕುದಿ ಕುದಿಸಿ, ಬಿಸಿಲಿಗೆ ಒಣಗಿಸಿ. ಮಳೆಗಾಲದಲ್ಲಿ ಒಲೆಯ ಪಕ್ಕ ಇಟ್ಟರೂ ಆಯಿತು. ಒರಳಲ್ಲಿ ಕುಟ್ಟುವಾಗ ನುಣ್ಣಗೆ ಮಾಡಬೇಡಿ. ಗೋಧಿ ರವೆಗಿಂತ ದಪ್ಪಗಿರಲಿ. ದಪ್ಪ ಚೂರು ಹೊಟ್ಟೆಯಲ್ಲಿ ನಿಧಾನವಾಗಿ ಕರಗುತ್ತದೆ, ರಾತ್ರಿಗೆ ಸಿಗುತ್ತದೆ.

ಈಗ ಬಾತುಮರಿಯ ಕಾಲು. ಬಾತುಮರಿಗೆ ನಿಯಾಸಿನ್ ಎಂಬ ವಿಟಮಿನ್ ಕೋಳಿಮರಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಬೇಕು. ಕೋಳಿ ತಿಂಡಿಯಲ್ಲಿ ಅಷ್ಟು ಇರುವುದಿಲ್ಲ. ಕಡಿಮೆಯಾದರೆ ಕಾಲು ಬಾಗುತ್ತದೆ, ಹಿಮ್ಮಡಿ ಗಂಟು ಊದುತ್ತದೆ, ಮರಿ ನಡೆಯಲು ಹೆದರುತ್ತದೆ. ಬೇಕರಿಗೆ ಯೀಸ್ಟ್ ಕೊಡುವ ಅಂಗಡಿಯಲ್ಲಿ ಬ್ರೂವರ್ಸ್ ಯೀಸ್ಟ್ ಇದೆಯಾ ಕೇಳಿ. ರೊಟ್ಟಿ ಉಬ್ಬಿಸುವ ಯೀಸ್ಟ್ ಅಲ್ಲ, ಅದು ಹೊಟ್ಟೆಯಲ್ಲಿ ಹುದುಗು ಬರುತ್ತದೆ. ಸಿಗದಿದ್ದರೆ ಪಶುವೈದ್ಯರ ಹತ್ತಿರ ನಿಯಾಸಿನ್ ಇರುವ ವಿಟಮಿನ್ ಕೇಳಿ ನೀರಿಗೆ ಹಾಕಿ. ಬೇಗ ಶುರು ಮಾಡಿದರೆ ಕಾಲು ಸುಧಾರಿಸುತ್ತದೆ. ಪೂರ್ತಿ ಸೊಟ್ಟಗಾಗಿ ಗಟ್ಟಿಯಾದ ಮೇಲೆ ಕಷ್ಟ. ಹಾಗಾಗಿ ಈ ವಾರ ತಡ ಮಾಡಬೇಡಿ.

ಮೀನಿನ ತಲೆ ಹಸಿದಾದರೆ ಬೇಯಿಸಿ ಸ್ವಲ್ಪ ಕೊಡಿ. ಉಪ್ಪು ಹಾಕಿದ ಒಣ ಮೀನು ಮಾತ್ರ ಬೇಡ. ಅಷ್ಟು ಉಪ್ಪು ಕೋಳಿಗೆ ವಿಷ, ಮರಿಗಂತೂ ಹೇಳಲೇಬೇಡಿ. ಮುಗ್ಗಲು ವಾಸನೆಯ ಜೋಳ, ಬೂಸ್ಟು ಹಿಡಿದ ಹಿಂಡಿ ಇವೂ ಬೇಡ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿಗಳು ಕಾರಣ ತಿಳಿಯದೆ ಸತ್ತವು. ಹುಡುಕಿದಾಗ ಅವು ತಿಂದ ಶೇಂಗಾ ಹಿಂಡಿಯ ಬೂಸ್ಟಿನಲ್ಲಿ ವಿಷ ಸಿಕ್ಕಿತು. ಅದೇ ಅಫ್ಲಾಟಾಕ್ಸಿನ್. ಬಾತುಮರಿಗಳಿಗೆ ಅದು ಎಷ್ಟು ಸ್ವಲ್ಪವಾದರೂ ತಾಗುತ್ತದೆ. ಗೋವಾದ ಮಳೆಯಲ್ಲಿ ಮೂಟೆಯನ್ನು ನೆಲಕ್ಕೆ ತಾಗಿಸಿ ಇಡಬೇಡಿ. ಹಲಗೆ ಮೇಲಿಡಿ, ಗೋಡೆಯಿಂದ ಒಂದು ಗೇಣು ದೂರ. ಒಂದು ತಿಂಗಳಿಗೆ ಆಗುವಷ್ಟೇ ತನ್ನಿ.

ಪ್ರಶ್ನೆ: ಕ್ರಿಸ್ಮಸ್‌ಗೆ ಮಾರಲು ನಾಲ್ಕು ಟರ್ಕಿ ಮರಿ ತರಬೇಕೆಂದಿದ್ದೇನೆ. ಕೋಳಿಗಳ ಜೊತೆ ಬಿಡಬಹುದಾ?
— ಕಾಣಕೋಣದಿಂದ

ಉತ್ತರ: ಬಿಡಬೇಡಿ. ಕೋಳಿಯ ಕರುಳಿನಲ್ಲಿ ಒಂದು ಸಣ್ಣ ಜಂತು ಇರುತ್ತದೆ. ಅದರ ಮೊಟ್ಟೆಯೊಳಗೆ ಬ್ಲ್ಯಾಕ್‌ಹೆಡ್ ರೋಗದ ಜೀವಿ ಅಡಗಿ ವರ್ಷಗಟ್ಟಲೆ ಮಣ್ಣಲ್ಲಿ ಉಳಿಯುತ್ತದೆ. ಕೋಳಿಗೆ ಅದರಿಂದ ಹೆಚ್ಚು ತೊಂದರೆಯಿಲ್ಲ. ಟರ್ಕಿಗೆ ಯಕೃತ್ತು ಹಾಳಾಗಿ, ಹಳದಿ ಭೇದಿ ಹಿಡಿದು ಸಾಯುತ್ತವೆ. ಕೋಳಿ ಓಡಾಡಿದ ಜಾಗವೇ ಬೇಡ. ಬೇರೆ ಜಾಗ ಇದ್ದರೆ ಮಾತ್ರ ತನ್ನಿ.

ಪ್ರಶ್ನೆ: ಕಾವು ಕೂತ ಹೇಂಟೆಗೆ ಆರು ಕೋಳಿಮೊಟ್ಟೆ, ನಾಲ್ಕು ಬಾತುಮೊಟ್ಟೆ ಒಂದೇ ದಿನ ಇಟ್ಟೆ. ಕೋಳಿಮರಿ ಐದು ಬಂದವು. ಮರುದಿನವೇ ಹೇಂಟೆ ಎದ್ದು ಹೋಯಿತು. ಬಾತುಮೊಟ್ಟೆ ಒಡೆದು ನೋಡಿದರೆ ಒಳಗೆ ಬೆಳೆದ ಮರಿ. ಮನಸ್ಸಿಗೆ ತುಂಬಾ ಬೇಜಾರಾಯಿತು.
— ಫೋಂಡಾದಿಂದ

ಉತ್ತರ: ಆಗೇ ಆಗುತ್ತದೆ. ನಿಮ್ಮ ಹೇಂಟೆ ಒಳ್ಳೆಯ ತಾಯಿ. ಹೊರಗೆ ಬಂದ ಮರಿಗೆ ತಿನ್ನಲು ಕಲಿಸಲು ಎದ್ದು ಹೋಗಿದೆ. ಕೋಳಿಮೊಟ್ಟೆಗೆ 21 ದಿನ ಬೇಕು, ಬಾತಿಗೆ 28. ಮುಖದಲ್ಲಿ ಕೆಂಪು ಗಂಟಿರುವ ಮಸ್ಕವಿ ಬಾತಾದರೆ 35. ಗಿನಿ ಕೋಳಿಗೆ 26ರಿಂದ 28. ಇನ್ನು ಮುಂದೆ ಬಾತುಮೊಟ್ಟೆ ಮೊದಲು ಇಡಿ, ಏಳು ದಿನ ಬಿಟ್ಟು ಕೋಳಿಮೊಟ್ಟೆ ಸೇರಿಸಿ. ಮೊಟ್ಟೆ ಮೇಲೆ ಪೆನ್ಸಿಲಿನಿಂದ ತಾರೀಕು ಬರೆಯಿರಿ. ಸ್ಕೆಚ್‌ಪೆನ್ ಬೇಡ.

ನನ್ನನ್ನು ಕೇಳಿದರೆ ಒಂದು ಹೇಂಟೆಗೆ ಒಂದೇ ಜಾತಿಯ ಮೊಟ್ಟೆ ಇಡುವುದು ಇನ್ನೂ ಒಳ್ಳೆಯದು. ಬಾತುಮೊಟ್ಟೆ ದೊಡ್ಡದು. ಊರಿನ ಹೇಂಟೆಯ ಹೊಟ್ಟೆ ಕೆಳಗೆ ಆರೇಳಕ್ಕಿಂತ ಹೆಚ್ಚು ಹಿಡಿಸುವುದಿಲ್ಲ. ಅಂಚಿನಲ್ಲಿರುವುದು ತಣ್ಣಗಾಗುತ್ತದೆ. ಇನ್ನೊಂದು ವಿಷಯ. ತಾಯಿ ಬಾತು ಒದ್ದೆ ಮೈಯಲ್ಲಿ ಬಂದು ಕೂರುತ್ತದೆ. ಹೇಂಟೆಯ ಮೈ ಒಣಗಿರುತ್ತದೆ. ಅದಕ್ಕೆ ಕೊನೆಯ ವಾರದಲ್ಲಿ ಹೇಂಟೆ ತಿನ್ನಲು ಎದ್ದಾಗ ಬೆಚ್ಚಗಿನ ನೀರು ಕೈಯಲ್ಲಿ ಚಿಮುಕಿಸಿ. ಚಿಪ್ಪಿನ ಒಳಗಿನ ಪೊರೆ ಮೆತ್ತಗಿದ್ದರೆ ಮರಿಗೆ ಒಡೆಯಲು ಸುಲಭ.

ಕಾವಿಗೆ ಇಟ್ಟ ಏಳನೇ ರಾತ್ರಿ ಮೊಟ್ಟೆಯ ದಪ್ಪ ತುದಿಗೆ ಮೊಬೈಲಿನ ಟಾರ್ಚ್ ಹಿಡಿದು ನೋಡಿ. ಜೀವ ಇದ್ದರೆ ಒಳಗೆ ನಡುವೆ ಒಂದು ಕಪ್ಪು ಚುಕ್ಕೆ, ಅದರಿಂದ ನಾಲ್ಕೂ ಕಡೆ ಹರಿದ ಸಣ್ಣ ಕೆಂಪು ನರಗಳು ಕಾಣುತ್ತವೆ. ಸ್ವಲ್ಪ ಹೊತ್ತು ಹಿಡಿದರೆ ಚುಕ್ಕೆ ಅಲ್ಲಾಡುವುದೂ ಕಾಣುತ್ತದೆ. ಏನೂ ಇಲ್ಲದೆ ಬರೀ ಹಳದಿ ಬೆಳಕು ಕಂಡರೆ ಆ ಮೊಟ್ಟೆ ತೆಗೆಯಿರಿ. ಅದರ ಜಾಗದ ಶಾಖ ಉಳಿದವಕ್ಕೆ ಸಿಗಲಿ.

ಪ್ರಶ್ನೆ: ಮಾಪ್ಸಾ ಶುಕ್ರವಾರದ ಸಂತೆಯಿಂದ ಎರಡು ಗಾವಠಿ (ಊರಿನ ತಳಿ) ಹೇಂಟೆ ತಂದೆ. ಹಳೆಯವು ಅವನ್ನು ಕುಕ್ಕಿ ತಲೆಯಲ್ಲಿ ರಕ್ತ ಬರಿಸಿವೆ. ಜೊತೆಗೆ ಗಂಡು ಬಾತು ಒಂದೇ ಇದೆ, ಅದು ಹೇಂಟೆಗಳ ಮೇಲೆ ಏರುತ್ತದೆ. ಏನು ಮಾಡಲಿ?
— ಡಿಚೋಲಿಯಿಂದ

ಉತ್ತರ: ರಕ್ತ ಬಂದದ್ದನ್ನು ಈಗಲೇ ತೆಗೆದು ಬೇರೆ ಇಡಿ. ಕೆಂಪು ಕಂಡರೆ ಕೋಳಿಗಳು ಬಿಡುವುದಿಲ್ಲ, ಕೊಂದೇ ಬಿಡುತ್ತವೆ. ಗಾಯಕ್ಕೆ ಅರಿಶಿನ ಮತ್ತು ಬೇವಿನ ಎಣ್ಣೆ ಹಚ್ಚಿ.

ಕೋಳಿಗಳಲ್ಲಿ ಮೇಲುಕೀಳಿನ ಸಾಲು ಇರುತ್ತದೆ. ಯಾರು ಯಾರನ್ನು ಕುಕ್ಕಬಹುದು ಎಂಬುದು ಒಳಗೊಳಗೇ ತೀರ್ಮಾನವಾಗಿರುತ್ತದೆ. ನಾರ್ವೆಯ ಥಾರ್ಲೀಫ್ ಶೆಲ್‌ಡರುಪ್-ಎಬ್ಬೆ ಎಂಬಾತ ಹುಡುಗನಾಗಿದ್ದಾಗಿನಿಂದ ಕೋಳಿಗಳನ್ನು ನೋಡುತ್ತಾ ಬಂದು, 1921ರಲ್ಲಿ ಇದನ್ನು ಬರೆದು ಲೋಕಕ್ಕೆ ತಿಳಿಸಿದ. ಹೊಸ ಹಕ್ಕಿ ಬಂದರೆ ಇಡೀ ಸಾಲು ಮತ್ತೆ ಕಟ್ಟಬೇಕು. ಜಗಳ ತಪ್ಪಿಸಲು ಆಗುವುದಿಲ್ಲ, ಕಡಿಮೆ ಮಾಡಬಹುದು. ನಡುವೆ ಜಾಲರಿ ಹಾಕಿ ಒಂದು ವಾರ ಪರಸ್ಪರ ನೋಡಲಿ, ಮುಟ್ಟಲಾಗದಿರಲಿ. ಒಂದೇ ಹಕ್ಕಿ ಸೇರಿಸಬೇಡಿ, ಎರಡೋ ಮೂರೋ ಒಟ್ಟಿಗೆ ಸೇರಿಸಿ. ಪೆಟ್ಟು ಹಂಚಿಹೋಗುತ್ತದೆ. ತಿಂಡಿ ಎರಡು ಕಡೆ ಇಡಿ. ಒಂದರಿಂದ ಓಡಿಸಿದರೆ ಇನ್ನೊಂದರಲ್ಲಿ ತಿನ್ನಲಿ. ಅಡಗಲು ಒಂದು ಹಲಗೆ ಓರೆಯಾಗಿ ಗೋಡೆಗೆ ಒರಗಿಸಿ.

ಆದರೆ ನನಗೆ ಜಗಳಕ್ಕಿಂತ ಸಂತೆಯ ಭಯ ಜಾಸ್ತಿ. ಸಂತೆಯಲ್ಲಿ ಹತ್ತಾರು ಊರಿನ ಹಕ್ಕಿ ಒಂದೇ ಬುಟ್ಟಿಯಲ್ಲಿ ಉಸಿರಾಡಿರುತ್ತವೆ. ನೋಡಲು ಚೆನ್ನಾಗಿರುವುದೇ ರೋಗ ತಂದಿರಬಹುದು. ತಂದದ್ದನ್ನು ಮೂರು ವಾರವಾದರೂ ಮನೆಯ ಇನ್ನೊಂದು ಬದಿಯಲ್ಲಿ ಇಡಿ. ದಿನಾ ಹಳೆಯವಕ್ಕೆ ಮೊದಲು ತಿಂಡಿ, ಹೊಸದಕ್ಕೆ ಕೊನೆಗೆ. ಆ ಕಡೆ ಹೋಗಲು ಬೇರೆ ಚಪ್ಪಲಿ. ರೆಕ್ಕೆ ಕೆಳಗೆ, ಬಾಲದ ಬುಡದಲ್ಲಿ ಪುಕ್ಕ ಬಿಡಿಸಿ ಹೇನು ನೋಡಿ. ಸಂಜೆ ಎದೆಯ ಮೇಲಿನ ಚೀಲ ಮುಟ್ಟಿ ನೋಡಿ, ತುಂಬಿ ಗಟ್ಟಿಯಾಗಿರಬೇಕು. ಬೆಳಗ್ಗೆ ಕೂಳಿಗೆ ಮೊದಲು ಮುಟ್ಟಿದರೆ ಖಾಲಿಯಾಗಿರಬೇಕು. ಬೆಳಗ್ಗೆಯೂ ತುಂಬಿದ್ದರೆ ಒಳಗೆ ಏನೋ ಸಿಕ್ಕಿದೆ.

ಗಂಡು ಬಾತಿಗೆ ಮೂರ್ನಾಲ್ಕು ಹೆಣ್ಣು ಬಾತು ಬೇಕು. ಇಲ್ಲದಿದ್ದರೆ ಅದನ್ನು ಬೇರೆ ಇಡಿ. ಬಾತಿನ ದೇಹದ ರಚನೆ ಹುಂಜದ್ದಕ್ಕಿಂತ ಬೇರೆ, ಹೇಂಟೆಗೆ ಒಳಗೆ ಗಾಯವಾಗುತ್ತದೆ. ನಾಳೆ ನೋಡೋಣ ಅನ್ನಬೇಡಿ.

ಪ್ರಶ್ನೆ: ಬಾಡಿಗೆ ಮನೆಯ ಹಿಂದೆ ನಾಲ್ಕು ಹೇಂಟೆ, ಒಂದು ಹುಂಜ. ಹುಂಜ ನಸುಕಿಗೇ ಕೂಗುತ್ತದೆ ಅಂತ ಪಕ್ಕದ ಬಿಲ್ಡಿಂಗಿನವರ ಜಗಳ. ಹುಂಜ ಕೊಟ್ಟರೆ ಮೊಟ್ಟೆ ನಿಲ್ಲುತ್ತದಾ?
— ವಸಯಿಯಿಂದ

ಉತ್ತರ: ನಿಲ್ಲುವುದಿಲ್ಲ. ಹುಂಜ ಇಲ್ಲದೆಯೂ ಹೇಂಟೆ ಅಷ್ಟೇ ಮೊಟ್ಟೆ ಇಡುತ್ತದೆ, ಅವುಗಳಿಂದ ಮರಿ ಬರುವುದಿಲ್ಲ ಅಷ್ಟೇ. ಹುಂಜವನ್ನು ಹಳ್ಳಿಯಲ್ಲಿ ಜಾಗ ಇರುವವರಿಗೆ ಕೊಡಿ. ನೆರೆಯವರಿಗೆ ನಿದ್ದೆ ಬೇಕು, ನಿಮಗೆ ನೆರೆಯವರು ಬೇಕು. ಮುಂದೆ ಮರಿ ಬೇಕಾದರೆ ಯಾರಿಂದಾದರೂ ಹುಂಜ ಇರುವ ಮನೆಯ ಮೊಟ್ಟೆ ತಂದು ಕಾವಿಗೆ ಇಡಿ.

ಪ್ರಶ್ನೆ: ಹತ್ತು ಕೋಳಿಗೆ ಲಸಿಕೆ ಹಾಕಿಸಲು ಹೋದರೆ ಸೀಸೆ ನೂರು ಡೋಸಿನದು ಅಂತಾರೆ. ಗಾವಠಿ ಕೋಳಿಗೆ ಲಸಿಕೆ ಬೇಡ, ಅವು ಗಟ್ಟಿ ಅಂತ ಮಾವ ಹೇಳುತ್ತಾರೆ. ಹೌದಾ?
— ಸಾಂಖಳಿಯಿಂದ

ಉತ್ತರ: ಮಾವನವರ ಮಾತು ಬಿಸಿಲು, ಮಳೆ, ಕಡಿಮೆ ತಿಂಡಿ ಇವಕ್ಕೆ ನಿಜ. ಕೊಕ್ಕರೆ ರೋಗಕ್ಕೆ ನಿಜವಲ್ಲ. ರಾಣಿಖೇತ್ ಅನ್ನುವುದೂ ಇದನ್ನೇ. ಬಂತೆಂದರೆ ಊರಿನ ಕೋಳಿ, ಫಾರ್ಮ್ ಕೋಳಿ ಅಂತ ನೋಡುವುದಿಲ್ಲ. ಹಸಿರು ಭೇದಿ, ಬಾಯಿ ತೆರೆದು ಉಸಿರು, ಕುತ್ತಿಗೆ ತಿರುಚುವುದು, ಎರಡು ಮೂರು ದಿನದಲ್ಲಿ ಹಿತ್ತಿಲು ಖಾಲಿ. ಬಂದ ಮೇಲೆ ಇದಕ್ಕೆ ಔಷಧಿ ಇಲ್ಲ. ಲಸಿಕೆ ಒಂದೇ ದಾರಿ.

ಮರಿ ಐದರಿಂದ ಏಳು ದಿನದ್ದಿರುವಾಗ ಕೊಕ್ಕರೆ ರೋಗದ ಲಸೋಟ ಲಸಿಕೆ ಒಂದು ಹನಿ. ಎರಡನೇ ವಾರದ ಕೊನೆಗೆ ಗಂಬೊರೊ ಎಂಬ ಇನ್ನೊಂದು ಮರಿರೋಗದ ಲಸಿಕೆ. ನಾಲ್ಕನೇ ವಾರ ಮತ್ತೆ ಲಸೋಟ. ಆರರಿಂದ ಎಂಟನೇ ವಾರದೊಳಗೆ ಕೋಳಿ ಸಿಡುಬಿನದು, ರೆಕ್ಕೆಯ ತೆಳು ಚರ್ಮಕ್ಕೆ ಚುಚ್ಚುತ್ತಾರೆ. ಇದನ್ನು ಬಿಡಬೇಡಿ. ಸಿಡುಬು ಸೊಳ್ಳೆಯಿಂದಲೂ ಹರಡುತ್ತದೆ, ನಮ್ಮ ಕಡೆ ಮಳೆ ಕಡಿಮೆಯಾಗಿ ಸೊಳ್ಳೆ ಎದ್ದಾಗ ಜುಟ್ಟಿನ ಮೇಲೆ, ಕಣ್ಣಿನ ಸುತ್ತ ಕಪ್ಪು ಹಕ್ಕಳೆ ಕಾಣಿಸುತ್ತದೆ. ಎಂಟರಿಂದ ಹತ್ತನೇ ವಾರಕ್ಕೆ ಆರ್‌ಟುಬಿ ಇಂಜೆಕ್ಷನ್, ಇದೂ ಕೊಕ್ಕರೆ ರೋಗಕ್ಕೇ. ಎರಡು ಲಸಿಕೆ ನಡುವೆ ಎಷ್ಟು ದಿನ ಬಿಡಬೇಕು ಅಂತ ನಿಮ್ಮ ವೈದ್ಯರನ್ನು ಕೇಳಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಕಣ್ಣಿಗೆ ಹನಿ ಹಾಕುವುದನ್ನು ನೀವೇ ಕಲಿಯಬಹುದು. ಮರಿಯನ್ನು ಎಡಗೈ ಮುಷ್ಟಿಯಲ್ಲಿ ಹಿಡಿಯಿರಿ, ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ತಲೆ ನಿಲ್ಲಲಿ. ಒಂದು ಕಣ್ಣು ಮೇಲೆ ಬರುವ ಹಾಗೆ ಓರೆ ಮಾಡಿ. ಡ್ರಾಪರ್ ಕಣ್ಣಿಗೆ ತಾಗದ ಹಾಗೆ ಒಂದು ಹನಿ ಬಿಡಿ. ಬಿಟ್ಟ ಕೂಡಲೇ ಮರಿ ಕೆಳಗಿಡಬೇಡಿ. ಹನಿ ಕಣ್ಣಲ್ಲಿ ಗುಂಡಗೆ ನಿಂತಿರುತ್ತದೆ. ಮರಿ ಒಮ್ಮೆ ಕಣ್ಣು ಮಿಟುಕಿಸಿದಾಗ ಒಳಗೆ ಇಳಿದು ಮಾಯವಾಗುತ್ತದೆ. ಆಮೇಲೆ ಬಿಡಿ. ಮೊದಲೇ ಬಿಟ್ಟರೆ ತಲೆ ಕೊಡವಿ ಎಲ್ಲ ಚೆಲ್ಲುತ್ತದೆ, ನೀವು ಹಾಕಿದೆ ಅಂದುಕೊಂಡಿರುತ್ತೀರಿ.

ನೂರು ಡೋಸಿಗೆ ದಾರಿ ಸರಳ. ವಾಡೆಯ (ಕೇರಿಯ) ಐದಾರು ಮನೆಯವರು ಒಂದೇ ದಿನ ಗೊತ್ತುಮಾಡಿ ಸೇರಿ. ಹೇಗೂ ಒಂದು ಮನೆಯಲ್ಲಿ ರೋಗ ಬಂದರೆ ಎಲ್ಲರ ಮನೆಗೂ ಬರುವುದೇ. ಇದು ಜೀವಂತ ಲಸಿಕೆ, ಬಿಸಿಗೆ ಸಾಯುತ್ತದೆ. ತರುವಾಗ ಐಸ್ ಹಾಕಿದ ಫ್ಲಾಸ್ಕಿನಲ್ಲಿ ತನ್ನಿ, ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಿ. ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟು ನಾಳೆ ಹಾಕಿದರೆ ನೀರು ಹಾಕಿದ ಹಾಗೆ. ಕಾಯಿಲೆ ಬಿದ್ದ ಹಕ್ಕಿಗೆ ಹಾಕಬೇಡಿ. ಬಾತುಗಳ ಲಸಿಕೆ ಬೇರೆ, ಡಕ್ ಪ್ಲೇಗಿನದು. ಅದನ್ನೂ ಅಲ್ಲೇ ವಿಚಾರಿಸಿ.

ಪ್ರಶ್ನೆ: ಬೇಸಿಗೆಯಲ್ಲಿ ಚೆನ್ನಾಗಿ ಇಡುತ್ತಿದ್ದ ಕೋಳಿಗಳು ಈಗ ಮೊಟ್ಟೆ ನಿಲ್ಲಿಸಿವೆ. ದೃಷ್ಟಿ ತಾಗಿದೆ ಅಂತ ಅತ್ತೆ ಗೂಡಿಗೆ ಲಿಂಬೆಹಣ್ಣು ಕಟ್ಟಿದ್ದಾರೆ.
— ಪುಣೆ ಹತ್ತಿರದ ದೇಹೂ ರೋಡಿನಿಂದ

ಉತ್ತರ: ಲಿಂಬೆಹಣ್ಣು ಇರಲಿ, ಅತ್ತೆಯವರಿಗೆ ಸಮಾಧಾನ. ಅದರ ಜೊತೆ ಇವನ್ನೂ ನೋಡಿ. ಗೂಡಿನ ನೆಲದಲ್ಲಿ ಪುಕ್ಕ ಬಿದ್ದಿದೆಯಾ? ಕುತ್ತಿಗೆಯಲ್ಲಿ ಹೊಸ ಪುಕ್ಕದ ಮುಳ್ಳು ಏಳುತ್ತಿದೆಯಾ? ಹಾಗಾದರೆ ಪುಕ್ಕ ಬದಲಿಸುತ್ತಿವೆ. ಆ ಹೊತ್ತಿಗೆ ಮೈಯ ಶಕ್ತಿಯೆಲ್ಲ ಪುಕ್ಕಕ್ಕೆ ಹೋಗುತ್ತದೆ, ಒಂದೆರಡು ತಿಂಗಳು ಮೊಟ್ಟೆ ಇಲ್ಲ. ಸ್ವಲ್ಪ ಬೇಯಿಸಿದ ಮೀನು, ಶೇಂಗಾ ಹಿಂಡಿ ಹೆಚ್ಚು ಕೊಡಿ.

ಪುಕ್ಕ ಉದುರದಿದ್ದರೆ ಬೆಳಕಿನ ಮಾತು. ಹೇಂಟೆಗೆ ದಿನಕ್ಕೆ 14ರಿಂದ 16 ಗಂಟೆ ಬೆಳಕು ಬೇಕು. ಮೋಡ ಕವಿದು ಇಡೀ ದಿನ ಗೂಡಿನಲ್ಲೇ ಕೂಡಿಹಾಕಿದರೆ ಸಿಗುವುದು ಬಹಳ ಕಡಿಮೆ. ಬೆಳಗಿನ ಜಾವ ಒಂದು ಬಲ್ಬು ಹಾಕಿ. ಸಂಜೆ ಬೇಡ, ಥಟ್ಟನೆ ಆರಿಸಿದರೆ ಕತ್ತಲಲ್ಲಿ ಹತ್ತಲು ಕೂರುಗೋಲು ಸಿಗದೆ ಪರದಾಡುತ್ತವೆ. ಜಂತುಮದ್ದು ಹಾಕಿ ಎಷ್ಟು ದಿನವಾಯಿತು ನೆನಪು ಮಾಡಿಕೊಳ್ಳಿ. ಹಿತ್ತಿಲ ಪೊದೆಯಲ್ಲೂ ಹುಡುಕಿ. ಒದ್ದೆಯಾದ ಗೂಡು ಹಿಡಿಸದೆ ಬೇರೆ ಕಡೆ ಇಡುವ ಹೇಂಟೆಗಳು ಬಹಳ. ಊರಿನ ತಳಿಯಾದರೆ ವರ್ಷಕ್ಕೆ 60ರಿಂದ 80 ಮೊಟ್ಟೆ, ಹದಿನೈದಿಪ್ಪತ್ತು ಇಟ್ಟು ಕಾವಿಗೆ ಕೂರುತ್ತದೆ. ಅದು ಅದರ ಸಹಜ ಗುಣ. ಬೈಯಬೇಡಿ.

ಪ್ರಶ್ನೆ: ಊರಿಗೆ ಹೋದಾಗ ಬೆಳಗಾವಿಯಿಂದ ಗಿರಿರಾಜ ಮರಿ ಬಸ್ಸಲ್ಲಿ ತರಬೇಕೆಂದಿದ್ದೇನೆ. ಇಲ್ಲೇ ಎಲ್ಲಾದರೂ ಸಿಗುತ್ತವಾ?
— ಮಡಗಾಂವ್‌ನಿಂದ

ಉತ್ತರ: ಗಿರಿರಾಜ ನಮ್ಮ ಹೆಮ್ಮೆ, ಬೆಂಗಳೂರಿನ ಹೆಬ್ಬಾಳದಲ್ಲಿ ಹುಟ್ಟಿದ ತಳಿ. ಆದರೆ ಇಲ್ಲೂ ಕೇಳಿ ನೋಡಿ. ಹಳೆ ಗೋವಾದ ಏಲಾದಲ್ಲಿ ಕೇಂದ್ರ ಕರಾವಳಿ ಕೃಷಿ ಸಂಶೋಧನಾ ಸಂಸ್ಥೆ ಇದೆ, ಉತ್ತರ ಗೋವಾದ ಕೃಷಿ ವಿಜ್ಞಾನ ಕೇಂದ್ರವೂ ಅಲ್ಲೇ. ಹಿತ್ತಿಲಿಗೆ ಹೊಂದುವ ತಳಿ ಯಾವುದು, ಮರಿ ಎಲ್ಲಿ ಸಿಗುತ್ತವೆ ಅಂತ ಅವರಲ್ಲಿ ವಿಚಾರಿಸಿ. ಹೈದರಾಬಾದಿನ ವನರಾಜ, ಗ್ರಾಮಪ್ರಿಯ ತಳಿಗಳೂ ಹಿತ್ತಿಲಿಗೆಂದೇ ಮಾಡಿದವು.

ಬಸ್ಸಲ್ಲೇ ತರುವುದಾದರೆ ಒಂದು ದಿನದ ಮರಿಯನ್ನೇ ತನ್ನಿ. ಹೊಟ್ಟೆಯಲ್ಲಿ ಹಳದಿ ಭಂಡಾರ ಉಳಿದಿರುವುದರಿಂದ ಎರಡು ದಿನ ತಿಂಡಿ ಇಲ್ಲದೆ ತಡೆಯುತ್ತವೆ. ಹ್ಯಾಚರಿಯಲ್ಲಿ ಮಾರೆಕ್ಸ್ ಎಂಬ ಕೋಳಿ ರೋಗದ ಲಸಿಕೆ ಹಾಕಿದ್ದಾರಾ ಕೇಳಿಯೇ ತನ್ನಿ, ಅದನ್ನು ಹುಟ್ಟಿದ ದಿನವೇ ಹಾಕಬೇಕು. ಮಧ್ಯಾಹ್ನದ ಬಸ್ಸು ಬೇಡ. ಬಂದ ಕೂಡಲೇ ಮೊದಲು ನೀರು, ಒಂದೊಂದರ ಕೊಕ್ಕನ್ನೂ ನೀವೇ ಅದ್ದಿ ತೋರಿಸಿ. ತಿಂಡಿ ಆಮೇಲೆ. ಮತ್ತೊಂದು, ಗಿರಿರಾಜದ ಮೊಟ್ಟೆಯಿಂದ ಮರಿ ಮಾಡಿಸಿದರೆ ತಾಯಿಯ ಗುಣ ಹಾಗೇ ಬರುವುದಿಲ್ಲ. ಅದು ಕಾವಿಗೂ ಸರಿಯಾಗಿ ಕೂರುವುದಿಲ್ಲ. ಜೊತೆಗೆ ಒಂದೆರಡು ಊರಿನ ಹೇಂಟೆ ಇರಲಿ.

ಪ್ರಶ್ನೆ: ಎರಡು ದಿನದಲ್ಲಿ ಆರು ಕೋಳಿ ಇದ್ದಕ್ಕಿದ್ದಂತೆ ಸತ್ತವು. ಜುಟ್ಟು ನೀಲಿ ಆಗಿತ್ತು. ಬಾತುಗಳು ಚೆನ್ನಾಗಿವೆ. ಮನೆಯಲ್ಲಿ ಮಕ್ಕಳಿದ್ದಾರೆ. ಹಕ್ಕಿಜ್ವರ ಇರಬಹುದಾ? ಹೇಳಿದರೆ ಎಲ್ಲವನ್ನೂ ಕೊಲ್ಲುತ್ತಾರೆ ಅಂತ ಮನೆಯವರು ಸುಮ್ಮನಿರಲು ಹೇಳುತ್ತಿದ್ದಾರೆ.
— ಪುಣೆ ಜಿಲ್ಲೆಯಿಂದ

ಉತ್ತರ: ಈ ಪತ್ರಕ್ಕೆ ಅಂಚೆಯಲ್ಲಿ ಬೇರೆಯಾಗಿ ಆಗಲೇ ಬರೆದಿದ್ದೇನೆ. ಇತರರಿಗೂ ಬೇಕೆಂದು ಇಲ್ಲಿ ಹಾಕುತ್ತಿದ್ದೇನೆ.

ಸುಮ್ಮನಿರಬೇಡಿ. ಇದು ಕೊಕ್ಕರೆ ರೋಗವೂ ಇರಬಹುದು, ವಿಷವೂ ಇರಬಹುದು, ಹಕ್ಕಿಜ್ವರವೂ ಇರಬಹುದು. ಹೊರಗಿನಿಂದ ನೋಡಿ ಯಾರೂ ಹೇಳಲಾರರು, ಲ್ಯಾಬಿಗೇ ಹೋಗಬೇಕು. ಬಾತು ಚೆನ್ನಾಗಿದೆ ಎಂಬುದು ಸಮಾಧಾನದ ಮಾತಲ್ಲ. ಹಕ್ಕಿಜ್ವರದ ವೈರಸ್ಸು ಬಾತಿನಲ್ಲಿ ಸದ್ದಿಲ್ಲದೆ ಇರಬಲ್ಲದು, ಕೋಳಿಯಲ್ಲಿ ಮಾತ್ರ ಕೊಲ್ಲುತ್ತದೆ. ದೇಶದಲ್ಲಿ ಅದು ಮೊದಲು ಕಂಡದ್ದು ನಿಮ್ಮದೇ ರಾಜ್ಯದಲ್ಲಿ, 2006ರ ಫೆಬ್ರವರಿಯಲ್ಲಿ, ನಂದುರಬಾರ್ ಜಿಲ್ಲೆಯ ನವಾಪುರದಲ್ಲಿ. ಮನುಷ್ಯರಿಗೂ ತಗಲಬಲ್ಲ ರೋಗ ಅದು, ಮನೆಯಲ್ಲಿ ಮಕ್ಕಳಿದ್ದಾರೆ ಅಂತ ನೀವೇ ಬರೆದಿದ್ದೀರಿ.

ಇವತ್ತೇ ತಾಲ್ಲೂಕಿನ ಪಶು ಆಸ್ಪತ್ರೆಗೆ ತಿಳಿಸಿ. ಸತ್ತದ್ದನ್ನು ಬರಿಗೈಯಲ್ಲಿ ಮುಟ್ಟಬೇಡಿ. ಮೂಗು ಬಾಯಿಗೆ ಬಟ್ಟೆ, ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಳ್ಳಿ. ಎರಡು ಚೀಲದೊಳಗೆ ಹಾಕಿ ಬಾಯಿ ಕಟ್ಟಿ, ನಾಯಿ ಕಾಗೆ ತಲುಪದ ಕಡೆ ಇಟ್ಟು, ಡಾಕ್ಟರು ಬರುವ ತನಕ ಕಾಯಿರಿ. ನಾಲೆಗೆ ಎಸೆಯಬೇಡಿ, ಅಡುಗೆಗೂ ಬೇಡ, ಉಳಿದದ್ದನ್ನು ಅಗ್ಗಕ್ಕೆ ಮಾರುವುದೂ ಬೇಡ. ಬಾತುಗಳನ್ನು ಹೊಂಡಕ್ಕೆ ಬಿಡದೆ ಒಳಗೇ ಇಡಿ. ಹಕ್ಕಿಜ್ವರ ಎಂದು ಖಚಿತವಾಗಿ ಕೊಂದರೆ ಸರ್ಕಾರ ಪರಿಹಾರ ಕೊಡುತ್ತದೆ, ಹಾಗಾಗಿ ಎಷ್ಟು ಹಕ್ಕಿ, ಯಾವ ವಯಸ್ಸಿನವು ಅಂತ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಡಾಕ್ಟರು ಬಂದಾಗ ಅದನ್ನು ಕೊಡಿ, ಯಾವುದು ಯಾವ ಹೊತ್ತಿಗೆ ಸತ್ತಿತು ಎಂಬುದನ್ನೂ ಹೇಳಿ. ಮನೆಯವರಲ್ಲಿ ಯಾರಿಗಾದರೂ ಈ ಹತ್ತು ದಿನದಲ್ಲಿ ಜ್ವರ, ಕೆಮ್ಮು ಬಂದರೆ ಆಸ್ಪತ್ರೆಯಲ್ಲಿ ಮೊದಲ ಮಾತಿಗೇ ಮನೆಯಲ್ಲಿ ಕೋಳಿ ಸತ್ತಿವೆ ಅಂತ ತಿಳಿಸಿ.